ಇಪ್ಪತ್ತು ಯೂರೋಗೆ ಒಬ್ಬ ಚಕ್ರವರ್ತಿ

ಹಳೆಯ ನಾಣ್ಯಗಳನ್ನು ಪರಿಶೀಲಿಸಿ ಬೆಲೆ ಕಟ್ಟುವುದು ನನ್ನ ವೃತ್ತಿ. ರೋಮನ್ ನಾಣ್ಯದ ಹವ್ಯಾಸಕ್ಕೆ ಹೊಸದಾಗಿ ಬಿದ್ದವರು ಮೊದಲು ವಿಚಾರಿಸುವುದು ಜೂಲಿಯಸ್ ಸೀಸರನನ್ನು. ಅವನ ಮುಖವಿರುವ ಡೆನೇರಿಯಸ್ ಎಂಬ ಬೆಳ್ಳಿ ನಾಣ್ಯ ಲಕ್ಷಗಟ್ಟಲೆ ರೂಪಾಯಿಯ ಮಾತು. ಅವರನ್ನು ನಾನು ಕ್ರಿ.ಶ. 4ನೇ ಶತಮಾನಕ್ಕೆ ಕಳುಹಿಸುತ್ತೇನೆ. ಆಗಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಮತ್ತು ಅವನ ಮಕ್ಕಳ ಸಣ್ಣ ಕಂಚಿನ ನಾಣ್ಯ ಯುರೋಪಿನ ವ್ಯಾಪಾರಿಗಳಲ್ಲಿ ಇಪ್ಪತ್ತು, ಮೂವತ್ತು ಯೂರೋಗೆ ಸಿಗುತ್ತದೆ, ಅದೂ ಅಕ್ಷರ ಓದುವಂತಿರುವುದು. ಇದು ಅಂದಿನ ಚಿಲ್ಲರೆ. ಟಂಕಿಸಿದ್ದೂ ರಾಶಿ, ಹೂತಿಟ್ಟದ್ದೂ ರಾಶಿ. 2016ರಲ್ಲಿ ಸ್ಪೇನಿನ ಸೆವಿಲ್ ಬಳಿಯ ಟೊಮಾರೆಸ್‌ನಲ್ಲಿ ಕಾಮಗಾರಿಗೆ ನೆಲ ಅಗೆದಾಗ 19 ಮಣ್ಣಿನ ಜಾಡಿಗಳಲ್ಲಿ ಸುಮಾರು 600 ಕಿಲೋ ಕಂಚಿನ ನಾಣ್ಯ ಸಿಕ್ಕಿತು.

ಒಂದನ್ನು ಭೂತಗನ್ನಡಿಯ ಕೆಳಗಿಡಿ. ಹಿಂಬದಿಯಲ್ಲಿ ಭರ್ಜಿ ಹಿಡಿದ ಇಬ್ಬರು ಸೈನಿಕರು, ಸುತ್ತ ‘ಗ್ಲೋರಿಯಾ ಎಕ್ಸರ್ಸಿಟಸ್’, ಅಂದರೆ ಸೈನ್ಯದ ಕೀರ್ತಿ. ಇಬ್ಬರ ನಡುವಿನ ಧ್ವಜಗಳನ್ನು ಎಣಿಸಿ. ಎರಡಿದ್ದರೆ 330ರಿಂದ 335ರ ಆಸುಪಾಸಿನದು. ಒಂದೇ ಇದ್ದರೆ ಅದರ ನಂತರದ್ದು. ನಾಣ್ಯದ ತೂಕ ಇಳಿಸಿದಾಗಲೇ ಧ್ವಜವೂ ಒಂದಕ್ಕಿಳಿಯಿತು. ಕೀರ್ತಿ ಮಾತ್ರ ಬರಹದಲ್ಲಿ ಕುಂದಲಿಲ್ಲ!

ಸೈನಿಕರ ಕಾಲಡಿ ಗೆರೆಯ ಕೆಳಗಿರುವುದು ಟಂಕಸಾಲೆಯ ಗುರುತು. ‘ಟಿಆರ್‌ಪಿ’ ಎಂದಿದ್ದರೆ ಟಿವಿ ಚಾನೆಲ್‌ಗಳು ನೆನಪಾಗುವುದು ಸಹಜ. ಅದು ಇಂದಿನ ಜರ್ಮನಿಯ ಟ್ರಿಯರ್. ಕೊನೆಯ ‘ಪಿ’ ಅಲ್ಲಿನ ಮೊದಲ ಕಾರ್ಯಾಗಾರ. ‘ಎಸ್‌ಎಂಎಎನ್’ ಎಂದರೆ ಇಂದಿನ ಟರ್ಕಿಯ ಆಂಟಿಯೋಕ್. ‘ಪಿ’ ಅಥವಾ ‘ಎಸ್’ ಮುಂದೆ ನಿಂತು ‘ಕಾನ್‌ಸ್ಟ್’ ಎಂದಿದ್ದರೆ ಕಾನ್‌ಸ್ಟಾಂಟಿನೋಪಲ್ ಎಂದು ಹಿಗ್ಗಬೇಡಿ. ಫ್ರಾನ್ಸಿನ ಆರ್ಲ್ ಪಟ್ಟಣವನ್ನೂ ಆಗ ಕಾನ್‌ಸ್ಟಂಟಿನಾ ಎಂದು ಕರೆಯುತ್ತಿದ್ದರು. ಮುಖ ಸುಂದರವಾಗಿದ್ದು ಈ ಗುರುತು ಸವೆದ ನಾಣ್ಯಕ್ಕಿಂತ, ಮೂಗು ಸವೆದು ಗುರುತು ಉಳಿದದ್ದನ್ನೇ ನಾನು ಆರಿಸುತ್ತೇನೆ.

ಇಷ್ಟು ಅಗ್ಗದ ಕಂಚನ್ನು ನಕಲು ಮಾಡುವವರು ಕಡಿಮೆ. ಬೆಳ್ಳಿಗೆ ಏರಿದಾಗ ಎಚ್ಚರ ಬೇಕು. ಅಂಚಿನಲ್ಲಿ ಎರಕದ ಗೆರೆ, ಮೈಮೇಲೆ ಗುಳ್ಳೆ ಬಿದ್ದ ಸಣ್ಣ ಕುಳಿಗಳು ಕಂಡರೆ ಹಣ ಜೇಬಿನಲ್ಲೇ ಇರಲಿ.

ಕೊಂಡ ಮೇಲೆ ಹಾಳು ಮಾಡುವುದು ಹುಣಸೆಹಣ್ಣು. ಪೂಜೆಯ ತಂಬಿಗೆಯಂತೆ ತಿಕ್ಕಿ ಫಳಫಳ ಹೊಳೆಯಿಸಿ ತಂದವರಿದ್ದಾರೆ. ಶತಮಾನಗಳ ಕಪ್ಪು-ಹಸಿರು ಪದರ ಹೋದರೆ ಬೆಲೆಯೂ ಹೋಯಿತು. ಗಟ್ಟಿಯಾಗಿ ಅಂಟಿದ ಹಸಿರಿನಿಂದ ಅಪಾಯವಿಲ್ಲ. ಸೂಜಿ ತಾಗಿಸಿದರೆ ಪುಡಿಯಾಗಿ ಉದುರುವ ತಿಳಿಹಸಿರು ಕಿಲುಬು ರೋಗ. ಲೋಹದೊಳಗಿನ ಕ್ಲೋರೈಡ್ ತೇವ ಸಿಕ್ಕೊಡನೆ ಕೆರಳುತ್ತದೆ. ಅಂಥ ನಾಣ್ಯವನ್ನು ಬೇರೆಯಿಡಿ, ಸಿಲಿಕಾ ಜೆಲ್ ಜೊತೆ ಒಣಗಿದ ಡಬ್ಬಿಯಲ್ಲಿ. ಕರಾವಳಿಯ ಮಳೆಗಾಲದಲ್ಲಿ ಈ ಮಾತು ಎರಡು ಪಟ್ಟು ಮುಖ್ಯ. ಪಿವಿಸಿ ಕವರ್ ಬೇಡವೇ ಬೇಡ.

ನಮ್ಮ ನೆಲದಲ್ಲೂ ರೋಮನ್ ನಾಣ್ಯ ಸಿಕ್ಕಿದೆ: ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ. ಅವು ಹೆಚ್ಚಾಗಿ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ. ಹೀಗಾಗಿ ಹೊಲದಲ್ಲಿ ಸಿಕ್ಕಿದ್ದಕ್ಕೆ ಎಷ್ಟು ಬರುತ್ತದೆ ಎಂದು ಕೇಳುವವರು ಇದ್ದೇ ಇದ್ದಾರೆ. ಕರ್ನಾಟಕದ 1962ರ ನಿಧಿ ಕಾಯ್ದೆಯಡಿ ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕು. ನಾನು ಅಂಥದ್ದಕ್ಕೆ ಬೆಲೆ ಹೇಳುವುದಿಲ್ಲ. ಜಿಲ್ಲಾಧಿಕಾರಿ ಕಚೇರಿಯ ದಾರಿ ಹೇಳುತ್ತೇನೆ.