ಕಾಡಿನ ಇಂಗಾಲ: ಮರಗಳ ಲೆಕ್ಕ, ಜಾತಿಗಳ ಲೆಕ್ಕ

ಹಲವು ಬಗೆಯ ಹುಲ್ಲು ಬಿತ್ತಿದ ನೆಲ ಒಂದೇ ಹುಲ್ಲಿನ ನೆಲಕ್ಕಿಂತ ಜಾಸ್ತಿ ಬೆಳೆ ಕೊಡುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1859ರಲ್ಲೇ ಬರೆದಿದ್ದರು. ಅದನ್ನು ಅಚ್ಚುಕಟ್ಟಾಗಿ ಪರೀಕ್ಷಿಸಲು 1990ರ ದಶಕ ಬರಬೇಕಾಯಿತು. ಅಮೆರಿಕದ ಮಿನ್ನೆಸೋಟಾದಲ್ಲಿ ಪರಿಸರ ವಿಜ್ಞಾನಿ ಡೇವಿಡ್ ಟಿಲ್ಮನ್ ಮತ್ತು ಸಂಗಡಿಗರು ಹುಲ್ಲಿನ ಮಡಿಗಳಲ್ಲಿ ಅದನ್ನು ಮಾಡಿ ತೋರಿಸಿದರು. ಅದೇ ದಶಕದಲ್ಲಿ, ಭೂಮಿ ಬಿಸಿಯಾಗುವುದನ್ನು ತಡೆಯಲು ಆದ 1997ರ ಕ್ಯೋಟೊ ಒಪ್ಪಂದದಿಂದ, ಗಾಳಿಯ ಇಂಗಾಲ ಹಿಡಿದಿಡುವ ಕಾಡು ದೇಶಗಳ ಇಂಗಾಲದ ಲೆಕ್ಕಪುಸ್ತಕಕ್ಕೂ ಬಂತು. ಅಲ್ಲಿ ಅಳತೆ ಟನ್‌ಗಳಲ್ಲಿ. ಎಷ್ಟು ಜಾತಿಯ ಮರ ಎಂದು ಕೇಳುವ ಕಾಲಂ ಇರಲಿಲ್ಲ.

ಮರದ ಪ್ರಯೋಗ ಹುಲ್ಲಿನಷ್ಟು ಸುಲಭವಲ್ಲ, ವರ್ಷಗಟ್ಟಲೆ ಕಾಯಬೇಕು. ಚೀನಾದ ಜಿಯಾಂಗ್ಶಿ ಪ್ರಾಂತ್ಯದ ಗುಡ್ಡಗಳಲ್ಲಿ 2009 ಮತ್ತು 2010ರಲ್ಲಿ ಲಕ್ಷಾಂತರ ಸಸಿ ನೆಟ್ಟರು. ಕೆಲವು ತಾಕಿನಲ್ಲಿ ಒಂದೇ ಜಾತಿ, ಕೆಲವದರಲ್ಲಿ 16. ಎಂಟು ವರ್ಷದ ಬಳಿಕ ಅಳೆದರೆ, ಒಂದೇ ಜಾತಿಯ ತಾಕುಗಳಲ್ಲಿ ನೆಲದ ಮೇಲಿನ ಇಂಗಾಲ ಹೆಕ್ಟೇರಿಗೆ ಸರಾಸರಿ 12 ಟನ್. ಹದಿನಾರು ಜಾತಿ ಸೇರಿದ ಕಡೆ 32 ಟನ್! ಒಂದರ ಕೊಂಬೆ ಮೇಲೆ, ಇನ್ನೊಂದರದ್ದು ಕೆಳಗೆ. ಬಿಸಿಲು ಪೋಲಾಗುವುದಿಲ್ಲ. ಬೇರುಗಳೂ ಬೇರೆ ಬೇರೆ ಆಳಕ್ಕೆ ಇಳಿಯುತ್ತವೆ. ಒಂದು ಜಾತಿಗೆ ಹುಳ ಬಿದ್ದರೆ ಇಡೀ ತೋಪು ಒಣಗುವುದಿಲ್ಲ.

ಗೋಜಲು ಶುರುವಾಗುವುದೂ ಇಲ್ಲೇ. ವ್ಯಾಪಾರಕ್ಕೆ ಬೆಳೆಸುವ ಎರಡು ಜಾತಿಗಳು, ಒಂಟಿಯಾಗಿ ನೆಟ್ಟಾಗಲೂ, ಹೆಚ್ಚುಕಡಿಮೆ ಹದಿನಾರು ಜಾತಿಯ ತಾಕಿನಷ್ಟೇ ಇಂಗಾಲ ಹಿಡಿದಿದ್ದವು. ಹಾಗಾದರೆ ಅವನ್ನೇ ನೆಟ್ಟರೆ ಸಾಕಲ್ವಾ? ಎಷ್ಟೋ ಕಡೆ ಆಗಿದ್ದು ಅದೇ. 2011ರ ‘ಬಾನ್ ಸವಾಲು’ ಎಂಬ ಜಾಗತಿಕ ಯೋಜನೆಯಲ್ಲಿ 2020ರೊಳಗೆ 15 ಕೋಟಿ ಹೆಕ್ಟೇರ್ ನೆಲಕ್ಕೆ ಮತ್ತೆ ಹಸಿರು ತರುವ ಗುರಿಯಿತ್ತು. ದೇಶಗಳು ಕೊಟ್ಟ ಮಾತನ್ನು 2019ರಲ್ಲಿ ಕೂಡಿಸಿ ನೋಡಿದಾಗ ಸುಮಾರು ಶೇ 45ರಷ್ಟು ಬರೀ ನೆಡುತೋಪು, ಅಂದರೆ ವ್ಯಾಪಾರಕ್ಕೆ ಒಂದೇ ಜಾತಿ ನೆಟ್ಟ ತೋಪು. ತೋಪನ್ನು ಕೆಲವೇ ವರ್ಷಕ್ಕೆ ಕಡಿಯುತ್ತಾರೆ. ಹಿಡಿದಿಟ್ಟ ಇಂಗಾಲದ ಬಹುಪಾಲು ಗಾಳಿಗೇ ವಾಪಸ್ಸು. ಎಂಟು ವರ್ಷದ ಅಂಕಿ ನೋಡಿ ನೂರು ವರ್ಷದ ಕಾಡನ್ನು ತೂಗುವುದು ಸರಿಯಾದ ತೂಕವೇ?

2015ರಲ್ಲಿ ಅಮೆಜಾನ್‌ನಿಂದ ಇನ್ನೊಂದು ಲೆಕ್ಕ ಬಂತು. ಅಲ್ಲಿ ಮರಗಳಲ್ಲಿರುವ ಇಂಗಾಲದ ಅರ್ಧದಷ್ಟು ಶೇ 1ರಷ್ಟು ಜಾತಿಗಳಲ್ಲೇ ಇದೆಯಂತೆ. ಉಳಿದವು ಸುಮ್ನೆ ಇವೆ ಎನ್ನಿಸಬಹುದು. ಆದರೆ ಆ ಶೇ 1ರಲ್ಲಿ ಸೇರಿದ ಬ್ರೆಜಿಲ್ ನಟ್ ಮರವನ್ನೇ ನೋಡಿ. ಅದು ಉಳಿಯಲು ಕಾಡಿನ ಬೇರೆ ಜೀವಿಗಳೂ ಬೇಕು. ಅದರ ಹೂವಿನ ಬಿಗಿ ಮುಚ್ಚಳ ಎತ್ತಿ ಒಳನುಗ್ಗಲು ದೊಡ್ಡ ಜಾತಿಯ ಜೇನ್ನೊಣಗಳೇ ಬೇಕು. ಕಾಯಿ ಕಲ್ಲಿನಷ್ಟು ಗಟ್ಟಿ. ಅಗೂಟಿ ಎಂಬ ಇಲಿಜಾತಿಯ ಪ್ರಾಣಿ ಅದನ್ನು ಕಡಿದು ತೆರೆದು, ಬೀಜವನ್ನು ಅಲ್ಲಲ್ಲಿ ಹೂತಿಡುತ್ತದೆ. ಅದು ಮತ್ತೆ ಹುಡುಕಿ ತಿನ್ನದೆ ಬಿಟ್ಟ ಬೀಜವೇ ಮೊಳೆತು ಮರವಾಗುವುದು.