ಇಸಿಜಿ ನಾರ್ಮಲ್ ಬಂತು ಸರಿ, ಬಿಪಿ ನೋಡಿಸಿದ್ರಾ?

2025ರ ಜೂನ್, ಜುಲೈ ದಿನಗಳನ್ನು ಹಾಸನದವರು ಸುಲಭಕ್ಕೆ ಮರೆಯೋದಿಲ್ಲ. ಬೆಳಗಾದರೆ ಟಿವಿಯಲ್ಲಿ ಮತ್ತೊಂದು ಹೃದಯಾಘಾತದ ಸುದ್ದಿ. ಹೋದವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ನಮ್ಮ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮೊದಲೇ ಆಲೂರು, ಹೊಳೆನರಸೀಪುರ, ಅರಕಲಗೂಡು ಕಡೆಯಿಂದ ಬಂದವರು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಎಲ್ಲರದ್ದೂ ಒಂದೇ ಮಾತು: "ಡಾಕ್ಟ್ರೇ, ಒಂದು ಇಸಿಜಿ ತೆಗೆದುಬಿಡಿ." ಎಷ್ಟೋ ಜನ ಬೆಳಗಿನ ಬಸ್ಸಿಗೇ ಮೈಸೂರಿನ ಜಯದೇವಕ್ಕೆ ಹೊರಟರು.

ಆ ಭಯ ತಪ್ಪಲ್ಲ. ಪಕ್ಕದ ಬೀದಿಯ ಹುಡುಗ ಹೋದ ಅಂದರೆ ಯಾರಿಗೆ ನಿದ್ದೆ ಬರುತ್ತದೆ? ಆಮೇಲೆ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ಮಾಡಿದ ಸಮಿತಿ ವರದಿ ಕೊಟ್ಟಿತು. ಮೊದಲಿಗಿಂತ ಸಾವು ಜಾಸ್ತಿಯಾಗಿಲ್ಲ ಅಂತ ಹೇಳಿತು. ಅದೇ ವರದಿ ಇನ್ನೊಂದು ಮಾತನ್ನೂ ಹೇಳಿತ್ತು: ಹೋದವರಲ್ಲಿ ಹಲವರಿಗೆ ಬಿಪಿ, ಶುಗರ್, ಸಿಗರೇಟು, ಕುಡಿತ ಇವುಗಳಲ್ಲಿ ಯಾವುದಾದರೂ ಮೊದಲೇ ಇತ್ತು. ಜನ ಮೊದಲನೇ ಮಾತು ಕೇಳಿ ಸಮಾಧಾನ ಮಾಡಿಕೊಂಡರು. ನನಗೆ ಬೇಕಾದದ್ದು ಎರಡನೆಯದು.

ಆ ವಾರವೇ ಒಬ್ಬರು ಶುಂಠಿ ವ್ಯಾಪಾರಿ ಬಂದಿದ್ದರು. ವಯಸ್ಸು 44. ಬೇರೆ ಕಡೆ ತೆಗೆಸಿದ ಇಸಿಜಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ನಾರ್ಮಲ್ ಇತ್ತು. ಗ್ಯಾಸ್ಟ್ರಿಕ್ ಮಾತ್ರೆಗೆ ಅಂತ ಬಂದವರನ್ನು ಕೂರಿಸಿ ಬಿಪಿ ನೋಡಿದೆ, 168/104. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 164/102. "ಇಸಿಜಿ ನಾರ್ಮಲ್ ಇದೆಯಲ್ಲ ಡಾಕ್ಟ್ರೇ, ಇನ್ನೇನು?" ಅಂದರು. ಎರಡು ವರ್ಷದ ಹಿಂದೆ ಯಾರೋ ಬಿಪಿ ಮಾತ್ರೆ ಬರೆದುಕೊಟ್ಟಿದ್ದರಂತೆ. ಒಂದು ತಿಂಗಳು ನುಂಗಿ, ಕಡಿಮೆ ಆಯ್ತು ಅಂತ ಬಿಟ್ಟಿದ್ದಾರೆ.

ಇಸಿಜಿ ಅಂದರೆ ಸುಮಾರು ಹತ್ತು ಸೆಕೆಂಡು ನಿಮ್ಮ ಹೃದಯದಲ್ಲಿ ಕರೆಂಟು ಹೇಗೆ ಓಡಿತು ಅನ್ನುವ ಗೆರೆ, ಅಷ್ಟೇ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂತಿದ್ದರೂ, ಸುಮ್ನೆ ಮಲಗಿರುವಾಗ ಬೇಕಾದಷ್ಟು ರಕ್ತ ಹೋಗುತ್ತಿದ್ದರೆ ಆ ಗೆರೆ ಚೆನ್ನಾಗಿಯೇ ಬರುತ್ತದೆ. ನಾಳೆ ಏನಾಗುತ್ತದೆ ಅಂತ ಅದು ಹೇಳುವುದಿಲ್ಲ. ಯಾವ ತಪಾಸಣೆ ಯಾರಿಗೆ ಬೇಕು, ಯಾರಿಗೆ ಬೇಡ ಅಂತ ತೂಗಿ ನೋಡುವ ತಜ್ಞರ ಕಾರ್ಯಪಡೆಯೊಂದು ಅಮೆರಿಕದಲ್ಲಿ 1984ರಿಂದ ಇದೆ. ಅವರು ಒಂದೊಂದಕ್ಕೂ ದರ್ಜೆ ಕೊಡುತ್ತಾರೆ. ತೊಂದರೆಯೇನೂ ಇಲ್ಲದ, ಅಪಾಯ ಕಡಿಮೆ ಇರುವ ಜನರಿಗೆ ಇಸಿಜಿ ತೆಗೆಯುವುದಕ್ಕೆ ಕೊಟ್ಟಿರುವುದು ಡಿ, ಅಂದರೆ ಬೇಡ. 18 ದಾಟಿದವರ ಬಿಪಿ ನೋಡುವುದಕ್ಕೆ ಎ. ತಂಬಾಕು ಹಾಕ್ತೀರಾ ಅಂತ ಕೇಳಿ, ಬಿಡಿಸಲು ಸಹಾಯ ಮಾಡುವುದಕ್ಕೂ ಎ.

ಎದೆನೋವು ಇದ್ದರೆ ಮಾತ್ರ ಈ ಲೆಕ್ಕ ಪೂರ್ತಿ ಬೇರೆ. ಎದೆ ಹಿಂಡಿದ ಹಾಗೆ, ಭಾರ ಇಟ್ಟ ಹಾಗೆ ಆಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹೋದರೆ ಸೋಡಾ ಕುಡಿದು, ಓಮದ ನೀರು ಕುಡಿದು ಕಾಯಬೇಡಿ. ಆಗ ಇಸಿಜಿ ನಿಮಿಷ ಲೆಕ್ಕದಲ್ಲಿ ಆಗಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹಾಸನ ಪೇಟೆಗೇ ಬರಬೇಕು ಅಂತ ಕಾರು ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ಬಿಪಿ ನೋಡುವ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇಷ್ಟು ಸಣ್ಣ ಕೆಲಸದಲ್ಲೇ ನಾವು ಎಷ್ಟೋ ಸಲ ಎಡವುತ್ತೇವೆ. ರೋಗಿ ಬಸ್ ಸ್ಟ್ಯಾಂಡಿನಿಂದ ಬಿರಬಿರನೆ ನಡೆದು ಬಂದಿರುತ್ತಾರೆ, ಎದುರಿನ ಹೋಟೆಲಿನಲ್ಲಿ ಕಾಫಿ ಆಗಿದೆ, ನಮ್ಮೂರ ಚಳಿಗೆ ಸ್ವೆಟರ್ ಹಾಕಿದ್ದಾರೆ, ಅದರ ಮೇಲೇ ಪಟ್ಟಿ ಸುತ್ತಿ, ಮಗಳ ಮದುವೆ ಮಾತಾಡುತ್ತಾ ಆಡುತ್ತಾ ನೋಡಿದರೆ ಆ ನಂಬರನ್ನು ಹೇಗೆ ನಂಬುವುದು? ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ತಾಗಿರಬೇಕು. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಬಾರದು. ತೋಳು ಬರಿದಾಗಿ ಎದೆಯ ಮಟ್ಟಕ್ಕೆ ಮೇಜಿನ ಮೇಲಿರಬೇಕು. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಬೀಡಿ ಆಗಿರಬಾರದು. ಮೂತ್ರ ಕಟ್ಟಿಕೊಂಡಿರಬಾರದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಬಿಪಿ ಇಲ್ಲದವರಿಗೂ ಜಾಸ್ತಿ ತೋರಿಸುತ್ತದೆ. ಎರಡು ಸಲ ನೋಡಿ, ಇನ್ನೊಂದು ದಿನ ಕರೆಸಿ ಮತ್ತೆ ನೋಡಿ, ಆಗಲೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಅದು ಬಿಪಿ ಕಾಯಿಲೆ. ತುಂಬಾ ಜಾಸ್ತಿ ಇದ್ದರೆ ಅಷ್ಟು ದಿನ ಕಾಯುವುದಿಲ್ಲ. ನಿಮ್ಮ ಡಾಕ್ಟರು ಅವಸರದಲ್ಲಿದ್ದರೆ, "ಸ್ವಲ್ಪ ಕೂತು ಆಮೇಲೆ ನೋಡಿಸ್ತೀನಿ" ಅಂತ ನೀವೇ ಕೇಳಿ. ಅದರಲ್ಲಿ ಸಂಕೋಚ ಬೇಡ.

ತಲೆನೋವಿಲ್ಲ, ತಲೆಸುತ್ತಿಲ್ಲ, ಹಾಗಾಗಿ ಬಿಪಿ ಇರಲಾರದು ಅನ್ನುವ ಮಾತು ದಿನಾ ಕೇಳುತ್ತೇನೆ. ಹೆಚ್ಚಿನವರಿಗೆ ಅದು ಏನೂ ತೋರಿಸಿಕೊಳ್ಳುವುದಿಲ್ಲ.

ನಮ್ಮ ದೇಶದ ಮಾರ್ಗಸೂಚಿಯೂ ಸರಳವಾಗಿದೆ. 30 ದಾಟಿದ ಎಲ್ಲರಿಗೂ ವರ್ಷಕ್ಕೊಮ್ಮೆ ಬಿಪಿ, ಶುಗರ್. ಐದು ವರ್ಷಕ್ಕೊಮ್ಮೆ ಬಾಯಿ ಕ್ಯಾನ್ಸರಿನ ತಪಾಸಣೆ, ಹೆಂಗಸರಿಗೆ ಸ್ತನ ಮತ್ತು ಗರ್ಭಕೊರಳಿನದ್ದೂ ಸೇರಿ. ಆಶಾ ಕಾರ್ಯಕರ್ತೆ ಮನೆಗೆ ಬಂದು ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ಓಡಾಟ, ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯಾ ಅಂತ ಕೇಳಿ ಒಂದು ಫಾರಂ ತುಂಬುತ್ತಾರಲ್ಲ, ಅದು ಇದಕ್ಕೇ. ರೇಷನ್ ಕಾರ್ಡಿಗೆ ಅಂದುಕೊಂಡು ಬಾಗಿಲಲ್ಲೇ ಕಳಿಸಿಬಿಡುವವರಿದ್ದಾರೆ. ದಯವಿಟ್ಟು ಒಳಗೆ ಕರೆದು ಕೂರಿಸಿ. ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಪ್ಯಾಂಟಿನ ಸೈಜು ನೋಡಿ ಲೆಕ್ಕ ಹಾಕಬೇಡಿ, ಹೊಟ್ಟೆಯ ಕೆಳಗೆ ಬೆಲ್ಟ್ ಕಟ್ಟಿದರೆ ಅದು ಬೇರೆಯೇ ಅಳತೆ. ಟೇಪನ್ನು ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ ಹಿಡಿಯಬೇಕು.

ತಂಬಾಕಿನ ಬಗ್ಗೆ ಕೇಳುವುದರಲ್ಲೂ ಒಂದು ಕ್ರಮವಿದೆ. "ಸಿಗರೇಟ್ ಸೇದ್ತೀರಾ?" ಅಂದರೆ ತೋಟದ ಕೆಲಸಕ್ಕೆ ಹೋಗುವ ಅಜ್ಜಿ ಇಲ್ಲ ಅಂತಾರೆ, ಅದು ನಿಜ ಕೂಡ. "ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತೀರಾ ಅಜ್ಜಿ, ಕಡ್ಡಿಪುಡಿ?" ಅಂತ ಕೇಳಿದರೆ ಸೆರಗಿನ ಗಂಟು ಬಿಚ್ಚಿ ತೋರಿಸುತ್ತಾರೆ. ಆಗ ಬಾಯಿ ತೆಗೆಸಿ ಟಾರ್ಚ್ ಹಾಕಿ ನೋಡಬೇಕು. ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಹೋಗುವಷ್ಟೂ ಬಾಯಿ ತೆರೆಯದಿರುವುದು, ಇವು ಕಂಡರೆ ಮುಂದಿನ ತಿಂಗಳು ನೋಡೋಣ ಅನ್ನುವ ಹಾಗಿಲ್ಲ. ಅರಕಲಗೂಡಿನ ಕಡೆ ಹೊಗೆಸೊಪ್ಪು ಬೆಳೆದೇ ಮಕ್ಕಳನ್ನು ಓದಿಸಿದ ಮನೆಗಳಿವೆ, ಅವರ ಎದುರು ಅದನ್ನು ಬೈದರೆ ಪ್ರಯೋಜನವಿಲ್ಲ. ಬಿಡಬೇಕು ಅನ್ನುವ ಮನಸ್ಸು ಇದ್ದವರಿಗೆ 1800-11-2356 ಅಂತ ಉಚಿತ ಸಹಾಯವಾಣಿ ಇದೆ, ಆ ನಂಬರನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ.

ಇಷ್ಟೆಲ್ಲ ಯಾಕೆ, ಎಂಬತ್ತು ಟೆಸ್ಟಿನ ಪ್ಯಾಕೇಜ್ ಒಂದೇ ಸಲ ಮಾಡಿಸಿದರೆ ಆಗಲ್ವಾ ಅಂತ ಕೇಳುತ್ತಾರೆ. ಲ್ಯಾಬಿನ ನಾರ್ಮಲ್ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ 100ಕ್ಕೆ 95 ಜನ ಒಳಗೆ ಬರುವಂತೆ ಇಟ್ಟಿರುತ್ತಾರೆ. ಹಾಗಾದರೆ ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವರಲ್ಲೂ 100ಕ್ಕೆ ಸುಮಾರು 64 ಜನರಿಗೆ ಒಂದಾದರೂ ಮಿತಿಯ ಹೊರಗೆ ಅಂತ ದಪ್ಪ ಅಕ್ಷರದಲ್ಲಿ ಬರುತ್ತದೆ. ಆ ಅಕ್ಷರದ ಬೆನ್ನು ಹತ್ತಿ ಸ್ಕ್ಯಾನು, ಇನ್ನೊಂದು ಡಾಕ್ಟರು, ನಿದ್ದೆಗೆಟ್ಟ ರಾತ್ರಿಗಳು. ಆರೋಗ್ಯವಾಗಿರುವವರ ಪ್ಯಾಕೇಜಿನಲ್ಲಿ ಕ್ಯಾನ್ಸರ್ ಮಾರ್ಕರ್, ಅಂದರೆ ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಹುಡುಕುವ ಟೆಸ್ಟ್, ಸೇರಿಸುವುದಂತೂ ನನಗೆ ಒಪ್ಪಿಗೆಯಿಲ್ಲ. ವರ್ಷಾವರ್ಷ ಎಲ್ಲರಿಗೂ ಎಲ್ಲ ತಪಾಸಣೆ ಬೇಡ, ವಯಸ್ಸು ನೋಡಿ, ಗಂಡಸೋ ಹೆಂಗಸೋ ನೋಡಿ ಬೇಕಾದದ್ದು ಮಾಡಿ ಅಂತ ಕೆನಡಾದ ತಜ್ಞರು 1979ರಲ್ಲೇ ಹೇಳಿದ್ದರು.

ನನಗೆ ಹೆಚ್ಚು ಸಂಕಟ ಆಗುವುದು ಗಂಡನ ಫೈಲು ಹಿಡಿದು ಬರುವ ಹೆಂಗಸರನ್ನು ನೋಡಿದಾಗ. ಗಂಡನ ಮಾತ್ರೆಯ ಹೆಸರು, ಡೋಸು, ಎಲ್ಲ ಬಾಯಿಗೆ ಬರುತ್ತದೆ. ತಮ್ಮ ಬಿಪಿ ಎಷ್ಟು ಅಂದರೆ ಗೊತ್ತಿಲ್ಲ. ಗರ್ಭಕೊರಳಿನ ತಪಾಸಣೆ ಅಂದರೆ "ನನಗೆ ಬಿಳಿ ಸೆರಗು ಏನೂ ಇಲ್ಲ ಡಾಕ್ಟ್ರೇ" ಅಂತಾರೆ. ಏನೂ ಇಲ್ಲದಾಗಲೇ ಮಾಡಿಸಬೇಕಾದ್ದು ಅದು. ವಿನೆಗರಿನಂಥ ತೆಳು ಆಮ್ಲ ಹಚ್ಚಿ ಒಂದು ನಿಮಿಷ ಕಾದರೆ ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ಕ್ಯಾನ್ಸರ್ ಆಗುವ ವರ್ಷಗಳ ಮೊದಲೇ ಸಿಕ್ಕಿಬೀಳುತ್ತದೆ. ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಗು ಇದ್ದರೆ ಈ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ ಅದೇ ಸರಿಯಾದ ವಯಸ್ಸು. ನಮ್ಮ ದೇಶದಲ್ಲೇ ತಯಾರಾದ ಲಸಿಕೆ 2023ರಿಂದ ಸಿಗುತ್ತಿದೆ.

ಶುಂಠಿ ವ್ಯಾಪಾರಿ ಮತ್ತೆ ಮಾತ್ರೆ ಶುರು ಮಾಡಿದರು. ಊಟದ ಜೊತೆ ದಿನಾ ಎರಡು ಹೊತ್ತು ಇರುತ್ತಿದ್ದ ಉಪ್ಪಿನಕಾಯಿಯನ್ನು ಮನೆಯವರು ತಟ್ಟೆಯಿಂದ ದೂರ ಇಟ್ಟರು. ಮೂರನೇ ಭೇಟಿಗೆ ಬಿಪಿ 132/84 ಇತ್ತು. ಅವತ್ತು ಅವರ ಯಜಮಾನತಿಯೂ ಬಂದಿದ್ದರು, ಫೈಲು ಅವರ ಕೈಯಲ್ಲಿತ್ತು. "ನೀವೂ ಕೂತ್ಕೊಳಿ ಅಮ್ಮ" ಅಂದೆ. "ನಂಗೇನಾಗಿದೆ ಡಾಕ್ಟ್ರೇ, ಇವರದ್ದು ನೋಡಿ ಸಾಕು" ಅಂದರು. ವಯಸ್ಸು 39, ಎರಡನೇ ಬಸುರಿನಲ್ಲಿ ಶುಗರ್ ಬಂದು ಹೋಗಿತ್ತಂತೆ, ಆಮೇಲೆ ಹದಿಮೂರು ವರ್ಷ ಯಾರೂ ನೋಡಿಲ್ಲ. ಮಾರನೇ ದಿನ ಖಾಲಿ ಹೊಟ್ಟೆಯಲ್ಲಿ ಮಾಡಿಸಿದ ಶುಗರ್ 141, ಜಾಸ್ತಿಯೇ. ಒಂದೇ ಸಲಕ್ಕೆ ಖಚಿತ ಅನ್ನಬಾರದು, ಸೋಮವಾರ ಇನ್ನೊಮ್ಮೆ ಬನ್ನಿ ಅಂದಿದ್ದೆ. ಸೋಮವಾರ ಮೊದಲನೇ ಚೀಟಿ ಅವರದ್ದೇ ಇತ್ತು. ಈ ಸಲ ಗಂಡ ಅವರ ಹೆಸರು ಬರೆದ ಹೊಸ ಫೈಲು ಹಿಡಿದು ಹೊರಗೆ ಕಾಯುತ್ತಿದ್ದರು.