ರೋಸ್ ವಿಡಿಯೊ ತೋರಿಸುವ ತಾಯಂದಿರಿಗೆ

ಸಂಗೀತ ಥಟ್ಟನೆ ನಿಲ್ಲುತ್ತದೆ, ಕುಣಿತ ನಿಲ್ಲುವುದಿಲ್ಲ. ಕೆಲವು ಸೆಕೆಂಡ್ ಪೂರ್ತಿ ನಿಶ್ಶಬ್ದ, ಆಮೇಲೆ ಹಾಡು ಮರಳಿ ಬರುತ್ತದೆ. 2021ರ ನವೆಂಬರ್‌ನಲ್ಲಿ ಬಿಬಿಸಿಯ ‘ಸ್ಟ್ರಿಕ್ಟ್ಲಿ ಕಮ್ ಡ್ಯಾನ್ಸಿಂಗ್’ ಸ್ಪರ್ಧೆಯಲ್ಲಿ ನಟಿ ರೋಸ್ ಐಲಿಂಗ್-ಎಲಿಸ್ ಮತ್ತು ನೃತ್ಯಪಟು ಜೊವಾನಿ ಪರ್ನೀಚೆ ಕುಣಿದದ್ದು ಹೀಗೆ. ಮರುವರ್ಷ ಆ ದೃಶ್ಯಕ್ಕೆ ಬಾಫ್ಟಾ ಪ್ರಶಸ್ತಿಯೂ ಬಂತು. ನನ್ನ ಬಳಿಗೆ ಮಕ್ಕಳನ್ನು ಶ್ರವಣ ಪರೀಕ್ಷೆಗೆ ಕರೆತರುವ ತಾಯಂದಿರ ಮೊಬೈಲ್‌ಗಳಲ್ಲಿ ಆ ತುಣುಕು ಈಗಲೂ ಓಡಾಡುತ್ತಿದೆ. ‘ಏನೂ ಕೇಳಿಸದಿದ್ದರೂ ಜಗತ್ತನ್ನೇ ಗೆದ್ದ ಹುಡುಗಿ’ ಎಂಬ ಒಕ್ಕಣೆ ಬೇರೆ. ಅದನ್ನು ತೋರಿಸಿ, “ಮೇಡಂ, ನಮ್ಮ ಮಗಳೂ ಹೀಗೆ ಆಗುತ್ತಾಳೆಯೇ?” ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಒಕ್ಕಣೆಯಲ್ಲಿ ಮಾತ್ರ ಸುಳ್ಳಿದೆ.

ರೋಸ್ ಹುಟ್ಟಿದ್ದು 1994ರಲ್ಲಿ. ಬೆಳೆದದ್ದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಕಡಲತೀರದ ಊರಾದ ಹೈತ್‌ನಲ್ಲಿ. ಹುಟ್ಟಿನಿಂದಲೇ ಕಿವುಡು. ಶ್ರವಣ ಸಾಧನ ಹಾಕುತ್ತಾಳೆ, ಇಂಗ್ಲಿಷ್ ಮಾತನಾಡುತ್ತಾಳೆ, ಬ್ರಿಟಿಷ್ ಸನ್ನೆ ಭಾಷೆಯನ್ನೂ ಬಳಸುತ್ತಾಳೆ. ಈ ಮೂರೂ ಒಟ್ಟಿಗೆ ಇವೆ ಎಂಬುದನ್ನು ದಯವಿಟ್ಟು ಗಮನಿಸಿ, ಮುಂದೆ ಬೇಕಾಗುತ್ತದೆ. ಕಿವುಡು ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆಯೊಂದು ನಡೆಸಿದ ಚಲನಚಿತ್ರ ಶಿಬಿರಕ್ಕೆ ಬಾಲ್ಯದಲ್ಲಿ ಹೋದಾಗ, ಸ್ವತಃ ಕಿವುಡರಾದ ನಿರ್ದೇಶಕ ಟೆಡ್ ಇವಾನ್ಸ್ ಅವರ ಪರಿಚಯವಾಯಿತು. ಅವರ ಕಿರುಚಿತ್ರದಲ್ಲಿ ನಟಿಸಿದಳು. ನಟನೆಯಿಂದ ಹೊಟ್ಟೆ ತುಂಬುವ ಖಾತರಿ ಇರಲಿಲ್ಲವಾಗಿ ಕಾಲೇಜಿನಲ್ಲಿ ಓದಿದ್ದು ಫ್ಯಾಷನ್ ವಿನ್ಯಾಸ. ರಂಗಭೂಮಿಯಲ್ಲಿ, ಸಣ್ಣಪುಟ್ಟ ಪಾತ್ರಗಳಲ್ಲಿ ಕೆಲವು ವರ್ಷ ಕಳೆದ ಮೇಲೆ 2020ರಲ್ಲಿ ‘ಈಸ್ಟ್‌ಎಂಡರ್ಸ್’ ಧಾರಾವಾಹಿಯ ಫ್ರ್ಯಾಂಕಿ ಲೂಯಿಸ್ ಪಾತ್ರ ಸಿಕ್ಕಿತು.

ನಮ್ಮವರಿಗೆ ಈ ಧಾರಾವಾಹಿಯ ತೂಕ ಸುಲಭಕ್ಕೆ ಹೊಳೆಯಲಾರದು. 1985ರ ಫೆಬ್ರುವರಿಯಲ್ಲಿ ಶುರುವಾದದ್ದು ಇನ್ನೂ ನಿಂತಿಲ್ಲ. ಲಂಡನ್‌ನ ಪೂರ್ವಭಾಗದ ವಾಲ್ಫರ್ಡ್ ಎಂಬ ಕಲ್ಪಿತ ಬಡಾವಣೆಯ ಕಥೆ, ಚಿತ್ರೀಕರಣ ಬೋರಮ್‌ವುಡ್‌ನ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ. ವಾರಕ್ಕೆ ಹಲವು ಕಂತು ಹೋಗಬೇಕಾದ್ದರಿಂದ ಕೆಲಸ ಬಿರುಸು. ಏಕಕಾಲಕ್ಕೆ ಹಲವು ಕ್ಯಾಮೆರಾಗಳು, ಕಡಿಮೆ ತಾಲೀಮು, ಒಂದರ ಹಿಂದೊಂದು ದೃಶ್ಯ. ಇಂಥಲ್ಲಿ ಕಿವುಡು ಪಾತ್ರವೊಂದಕ್ಕೆ ಕಿವುಡು ಕಲಾವಿದೆಯನ್ನೇ ಕಾಯಂ ಆಗಿ ತಂದದ್ದು ಆ ಧಾರಾವಾಹಿಯಲ್ಲಿ ಅದೇ ಮೊದಲು.

ಶ್ರವಣತಜ್ಞೆಯಾಗಿ ನನಗೆ ಕುತೂಹಲ ಇರುವುದು ಇಲ್ಲಿ. ಅಭಿನಯವೆಂದರೆ ಎದುರಿನವರ ಮಾತು ಮುಗಿದ ಕ್ಷಣಕ್ಕೆ ತನ್ನ ಮಾತು ಎತ್ತಿಕೊಳ್ಳುವುದು. ಆ ‘ಮುಗಿದ ಕ್ಷಣ’ವನ್ನು ನಾವು ಕಿವಿಯಿಂದ ಹಿಡಿಯುತ್ತೇವೆ. ಕಿವುಡರು ಅದನ್ನು ಕಣ್ಣಿನಿಂದ ಹಿಡಿಯಬೇಕು. ಎದುರಿನವನು ಬೆನ್ನು ತಿರುಗಿಸಿ ಬಾಗಿಲ ಕಡೆ ನಡೆಯುತ್ತಾ ಸಂಭಾಷಣೆ ಹೇಳಿದರೆ ಹಿಡಿಯಲು ಏನೂ ಉಳಿಯುವುದಿಲ್ಲ. ನಿರ್ದೇಶಕರು ‘ಕಟ್’ ಎಂದು ಕೂಗಿದರೂ ತಿಳಿಯದು. ಅದಕ್ಕಾಗಿ ಸೆಟ್‌ನಲ್ಲಿ ಸನ್ನೆ ಭಾಷೆಯ ದುಭಾಷಿ ಬೇಕು, ನಟರು ನಿಲ್ಲುವ ಜಾಗಗಳನ್ನು ಮುಂಚೆಯೇ ಗೊತ್ತುಮಾಡಬೇಕು. ಕ್ಯಾಮೆರಾದ ಅಭ್ಯಾಸವೂ ಬದಲಾಗಬೇಕು. ಭಾವ ತುಂಬಿ ಬಂದಾಗ ಮುಖಕ್ಕೆ ಹತ್ತಿರ ಹೋಗುವುದು ಧಾರಾವಾಹಿಗಳ ಹಳೆಯ ರೂಢಿ. ಸನ್ನೆ ಮಾಡುವ ಪಾತ್ರದ ಮುಖವಷ್ಟನ್ನೇ ತೋರಿಸಿದರೆ ಕೈ ಚೌಕಟ್ಟಿನ ಹೊರಗೆ ಉಳಿಯುತ್ತದೆ. ಮಾತಿನ ನಡುವೆ ಬಾಯಿಗೆ ಬಟ್ಟೆ ಕಟ್ಟಿದಂತೆ ಅದು. ಸನ್ನೆ ಭಾಷೆಯಲ್ಲಿ ಹುಬ್ಬು, ತುಟಿ, ಭುಜಗಳೂ ವ್ಯಾಕರಣದ ಭಾಗ, ಹಾಗಾಗಿ ಸೊಂಟದಿಂದ ಮೇಲೆ ಎಲ್ಲವೂ ಕಾಣಬೇಕು. ಪ್ರತಿಭೆ ಎಷ್ಟೇ ಇರಲಿ, ಇಷ್ಟೆಲ್ಲ ಏರ್ಪಾಟು ಇಲ್ಲದೆ ಅದು ಪರದೆಗೆ ಬರುವುದಿಲ್ಲ. ಒಕ್ಕಣೆ ಬರೆಯುವವರು ಹುಡುಗಿಯ ಛಲವನ್ನು ಮಾತ್ರ ನೋಡುತ್ತಾರೆ.

ಇನ್ನು ಆ ನೃತ್ಯ. ‘ಏನೂ ಕೇಳಿಸದೆ’ ಎಂಬುದು ಕಿವುಡಿನ ಬಗ್ಗೆ ಇರುವ ದೊಡ್ಡ ತಪ್ಪು ಕಲ್ಪನೆ. ಕಿವುಡು ದೀಪದ ಸ್ವಿಚ್ಚಿನ ಹಾಗೆ ಇರುವುದಿಲ್ಲ. ಶ್ರವಣ ಪರೀಕ್ಷೆಯ ಫಲಿತಾಂಶ ತೋರಿಸುವ ಆಡಿಯೋಗ್ರಾಂ ಎಂಬ ನಕ್ಷೆಯಲ್ಲಿ ಎಡಕ್ಕೆ ತಗ್ಗು ಸ್ವರಗಳು, ಬಲಕ್ಕೆ ಎತ್ತರದ ಸ್ವರಗಳು. ಹುಟ್ಟು ಕಿವುಡಿರುವ ಅನೇಕರಲ್ಲಿ ಎಡಭಾಗದಲ್ಲಿ ಒಂದಿಷ್ಟು ಶ್ರವಣ ಉಳಿದಿರುತ್ತದೆ. ಡ್ರಮ್ಮಿನ ಪೆಟ್ಟು 250 ಹರ್ಟ್ಸ್‌ಗಿಂತ (ಅಂದರೆ ಸೆಕೆಂಡಿಗೆ 250 ಕಂಪನಗಳಿಗಿಂತ) ಕೆಳಗಿನದು, ಸಾಧನದ ಮೂಲಕ ಸಿಗಬಹುದು. ಎದೆಗೂ ಅಂಗಾಲಿಗೂ ಕಂಪನವಾಗಿ ತಾಗುತ್ತದೆ. ‘ಸ’, ‘ಶ’, ‘ಚ’ಗಳಂಥ ವ್ಯಂಜನಗಳ ಬಲ ಇರುವುದು 2000 ಹರ್ಟ್ಸ್‌ಗಿಂತ ಮೇಲೆ, ಅವೇ ಕೈತಪ್ಪುವುದು. ಹಾಡುವ ದನಿ ಇದೆ ಎಂದು ಗೊತ್ತಾಗುತ್ತದೆ, ಸಾಹಿತ್ಯ ತಿಳಿಯುವುದಿಲ್ಲ ಎಂದು ರೋಸ್ ಹೇಳಿಕೊಂಡಿರುವುದು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಉಳಿದದ್ದಕ್ಕೆ ಎಣಿಕೆ ಇದೆ, ಕೈಹಿಡಿದ ಜೊತೆಗಾರನ ಒತ್ತು ಇದೆ, ಎಡೆಬಿಡದ ತಾಲೀಮು ಇದೆ. ಸಂಗೀತ ನಿಂತ ಆ ಕೆಲವು ಸೆಕೆಂಡ್‌ಗಳಲ್ಲಿ ನಿಜಕ್ಕೂ ಪರೀಕ್ಷೆಗೆ ಒಳಗಾದವನು ಜೊತೆಗಾರನೇ ಎಂದು ನನಗೆ ಅನ್ನಿಸುತ್ತದೆ. ಆಕೆಗೆ ಅದು ನಿತ್ಯದ ಕೆಲಸ.

ಅದೇ ಸ್ಪರ್ಧೆಯ ಆರನೇ ವಾರದ ಟ್ಯಾಂಗೊ ನೃತ್ಯಕ್ಕೆ 40ಕ್ಕೆ 40 ಅಂಕ ಬಿದ್ದಿತ್ತು. ಡಿಸೆಂಬರ್‌ನಲ್ಲಿ ಗೆದ್ದಳು. ಬ್ರಿಟನ್ನಿನಲ್ಲಿ ಸನ್ನೆ ಭಾಷೆಯ ತರಗತಿಗಳಿಗೆ ಬೇಡಿಕೆ ಏರಿತು. 2022ರ ಏಪ್ರಿಲ್ 28ರಂದು ಬ್ರಿಟಿಷ್ ಸನ್ನೆ ಭಾಷೆಗೆ ಕಾನೂನಿನ ಮಾನ್ಯತೆ ನೀಡುವ ಕಾಯ್ದೆಗೆ ಅಂಕಿತ ಬಿತ್ತು. ಸಂಸದೆ ರೋಸಿ ಕೂಪರ್ ಮಂಡಿಸಿದ ಆ ಮಸೂದೆಗಾಗಿ ಲಂಡನ್‌ನ ಟ್ರಫಾಲ್ಗರ್ ಚೌಕದಲ್ಲಿ ಸೇರಿದ್ದ ಜನರ ನಡುವೆ ರೋಸ್ ಕೂಡ ಇದ್ದಳು. ಒಂದು ನೃತ್ಯದಿಂದ ಕಾಯ್ದೆ ಬಂತೆಂದು ಹೇಳುವುದು ದಶಕಗಳ ಕಾಲ ಹೋರಾಡಿದ ಕಿವುಡು ಸಮುದಾಯಕ್ಕೆ ಮಾಡುವ ಅನ್ಯಾಯ. ಗಾಳಿ ಅನುಕೂಲವಾಗಿ ಬೀಸಿತು, ಅಷ್ಟು ನಿಜ.

ಜನಪ್ರಿಯತೆಯ ತುದಿಯಲ್ಲಿದ್ದಾಗಲೇ ಆಕೆ ಧಾರಾವಾಹಿ ಬಿಟ್ಟಳು. ಫ್ರ್ಯಾಂಕಿ 2022ರ ಸೆಪ್ಟೆಂಬರ್‌ನಲ್ಲಿ ಕಥೆಯಿಂದ ಹೊರನಡೆದಳು. ಅದಕ್ಕೆ ಸ್ವಲ್ಪ ಮೊದಲು ಎಡಿನ್‌ಬರೊ ಟೆಲಿವಿಷನ್ ಉತ್ಸವದ ಉಪನ್ಯಾಸದಲ್ಲಿ ರೋಸ್ ಮುಚ್ಚುಮರೆಯಿಲ್ಲದೆ ಮಾತನಾಡಿದ್ದಳು. ಕೇಳಿಸುವವರು ಬರೆದ ಕಿವುಡು ಪಾತ್ರಕ್ಕೆ ಕಿವುಡುತನ ಬಿಟ್ಟು ಬೇರೆ ಕಥೆಯೇ ಇರುವುದಿಲ್ಲ ಎಂಬುದು ಆ ಮಾತಿನ ತಿರುಳು. ನಾನು ಈ ನಟಿಯನ್ನು ಮೆಚ್ಚುವುದು ನೃತ್ಯಕ್ಕಿಂತ ಹೆಚ್ಚಾಗಿ ಈ ಮಾತಿಗೆ.

ಆಮೇಲಿನ ಆಯ್ಕೆಗಳು ಅದಕ್ಕೆ ತಕ್ಕಂತೆ ಇವೆ. ಲಂಡನ್ ರಂಗಮಂದಿರದಲ್ಲಿ ಷೇಕ್ಸ್‌ಪಿಯರ್‌ನ ‘ಆ್ಯಸ್ ಯು ಲೈಕ್ ಇಟ್’ ನಾಟಕದ ಸೀಲಿಯಾ ಪಾತ್ರವನ್ನು ಸನ್ನೆಯಲ್ಲಿ ಅಭಿನಯಿಸಿದಳು. 2025ರಲ್ಲಿ ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಬಂದ ‘ಕೋಡ್ ಆಫ್ ಸೈಲೆನ್ಸ್’ ಸರಣಿಯಲ್ಲಿ ಪೊಲೀಸ್ ಕ್ಯಾಂಟೀನಿನ ಕೆಲಸದಾಕೆಯಾಗಿ, ಶಂಕಿತರ ತುಟಿ ನೋಡಿ ಮಾತು ಗ್ರಹಿಸುವ ಕೆಲಸಕ್ಕೆ ಸಿಕ್ಕಿಬೀಳುತ್ತಾಳೆ. ಬರೆದ ಕ್ಯಾಥರೀನ್ ಮೌಲ್ಟನ್ ಅವರಿಗೂ ಶ್ರವಣದೋಷವಿದೆ, ಅದು ಪ್ರತಿ ದೃಶ್ಯದಲ್ಲೂ ಗೊತ್ತಾಗುತ್ತದೆ. ಪರದೆಯ ಮೇಲೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಾಣಿಸಿಕೊಂಡು, ನಿಧಾನಕ್ಕೆ ಜೋಡಿಸಿಕೊಂಡು ಪದಗಳಾಗುತ್ತವೆ. ತುಟಿ ಓದುವುದೆಂದರೆ ಸಾಮಾನ್ಯವಾಗಿ ಸಿನಿಮಾಗಳಲ್ಲಿ ಮಂತ್ರಶಕ್ತಿ. ಇಲ್ಲಿ ಅದು ಇರುವಂತೆಯೇ ಇದೆ: ಅರ್ಧ ಕಾಣುವುದು, ಅರ್ಧ ಊಹಿಸುವುದು.

ಕನ್ನಡದಲ್ಲಿ ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ ‘ಪಾವು’, ‘ಬಾವು’, ‘ಮಾವು’ ಎಂದು ಹೇಳಿ ನೋಡಿ. ಮೂರೂ ಒಂದೇ. ‘ಕ’, ‘ಗ’, ‘ಹ’ಗಳಂತೂ ಗಂಟಲ ಕಡೆಯವು, ಹೊರಗೆ ಕಾಣುವುದೇ ಇಲ್ಲ. ಅಜ್ಜಿ ಹಣ್ಣು ಹಿಡಿದು ‘ಮಾವು’ ಎಂದರೆ ಮಗು ಊಹಿಸುತ್ತದೆ. ಅದೇ ಅಜ್ಜಿ ಒಲೆಯ ಕಡೆ ತಿರುಗಿ, ಎಲೆ ಅಡಿಕೆ ಜಗಿಯುತ್ತಾ ಹೇಳಿದರೆ ಊಹೆಗೂ ಆಸ್ಪದವಿಲ್ಲ. “ಅವನಿಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ” ಎಂಬ ದೂರು ಮನೆಮನೆಯಲ್ಲಿ ಹುಟ್ಟುವುದು ಹೀಗೆ. ದಿನವಿಡೀ ಹೀಗೆ ಊಹಿಸುವ ಮಗು ಸಂಜೆಯ ಹೊತ್ತಿಗೆ ಬಸವಳಿದಿರುತ್ತದೆ. ಹಟಮಾರಿ ಎಂದು ಬೈಯುವ ಮೊದಲು ಅದನ್ನು ನೆನೆಯಬೇಕು.

ಈಗ ಆ ಮೂರು ಸಂಗತಿಗಳಿಗೆ ಬರುತ್ತೇನೆ. ಸಾಧನ, ಮಾತು, ಸನ್ನೆ ಮೂರೂ ರೋಸ್ ಬಳಿ ಇವೆ. ಆಕೆಯ ತಾಯಿಯೂ ಸನ್ನೆ ಕಲಿತರು. ನಮ್ಮಲ್ಲಿ ಇಂದಿಗೂ ಬಹಳಷ್ಟು ಪೋಷಕರು, ನಮ್ಮ ವೃತ್ತಿಯ ಕೆಲವರೂ ಸಹ, ಸನ್ನೆ ಕಲಿಸಿದರೆ ಮಗು ಮಾತು ಕಲಿಯದೆಂದು ನಂಬಿದ್ದಾರೆ. ಈ ನಂಬಿಕೆಗೆ ಬಲ ಬಂದದ್ದು ಕಿವುಡರ ಶಿಕ್ಷಣದ ಬಗ್ಗೆ 1880ರಲ್ಲಿ ನಡೆದ ಮಿಲಾನ್ ಸಮ್ಮೇಳನದಿಂದ. ಶಾಲೆಗಳಲ್ಲಿ ಸನ್ನೆಗಿಂತ ಮಾತೇ ಮೇಲು ಎಂದು ಅಲ್ಲಿ ನಿರ್ಣಯಿಸಲಾಯಿತು. 2010ರಲ್ಲಿ ಅದೇ ಪರಂಪರೆಯ ವ್ಯಾಂಕೂವರ್ ಸಮ್ಮೇಳನ ಆ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ಸೂಚಿಸಿತು. ನಡುವಿನ 130 ವರ್ಷಗಳಲ್ಲಿ ಕೈ ಕಟ್ಟಿಸಿಕೊಂಡು ಕುಳಿತ ಮಕ್ಕಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಸನ್ನೆಯಿಂದ ಮಾತು ನಿಲ್ಲುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಯಾವ ಭಾಷೆಯೂ ಸಿಗದೆ ಮೊದಲ ವರ್ಷಗಳು ಕಳೆದುಹೋದರೆ ಆಗುವ ನಷ್ಟಕ್ಕೆ ಆಧಾರ ಬೇಕಾದಷ್ಟಿದೆ.

ಒಂದು ಎಚ್ಚರಿಕೆ. ರೋಸ್ ವಿಡಿಯೊ ನೋಡಿ ಅದೇ ಸನ್ನೆಗಳನ್ನು ಮಗುವಿಗೆ ಕಲಿಸಲು ಹೊರಡಬೇಡಿ. ನಮ್ಮ ಮಕ್ಕಳಿಗೆ ಬೇಕಾದದ್ದು ಭಾರತೀಯ ಸನ್ನೆ ಭಾಷೆ. ಎರಡು ಕೈಗಳಲ್ಲಿ ಇಂಗ್ಲಿಷ್ ಅಕ್ಷರ ತೋರಿಸುವ ಕ್ರಮವನ್ನು ನಾವು ಬ್ರಿಟಿಷರಿಂದಲೇ ಪಡೆದಿದ್ದೇವೆ, ಐದು ಸ್ವರಾಕ್ಷರಗಳು ಐದು ಬೆರಳ ತುದಿಗಳಲ್ಲಿ ಇರುವುದು ಎರಡರಲ್ಲೂ ಒಂದೇ. ಪದಗಳೂ ವಾಕ್ಯಗಳೂ ಬೇರೆ. ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು ಅಂತರ್ಜಾಲದಲ್ಲಿ ಸಿಗುತ್ತದೆ. ಮಾತು, ಶ್ರವಣದ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಇದೆ.

ಮಗಳು ಹೀಗೆ ಆಗುತ್ತಾಳೆಯೇ ಎಂಬ ಪ್ರಶ್ನೆಗೆ ನಾನು ಕೊಡುವ ಉತ್ತರದಲ್ಲಿ ಕೆಲಸವೇ ಹೆಚ್ಚು. ಮಗು ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ನಿರ್ಣಯ, ಆರು ತಿಂಗಳೊಳಗೆ ಸಾಧನ ಮತ್ತು ತರಬೇತಿ. ಆ ಗಡುವು ದಾಟಿದ್ದರೆ ಇಂದೇ ಶುರುಮಾಡಬೇಕು. ಸಾಧನವನ್ನು ಮದುವೆ ಮುಂಜಿಗೆ ಹೋಗುವಾಗ ಬಿಚ್ಚಿಡದೆ, ಮಗು ಎಚ್ಚರವಿರುವಷ್ಟೂ ಹೊತ್ತು ಹಾಕಬೇಕು. ಅಪ್ಪ, ಅಜ್ಜಿ, ಅಣ್ಣ ಎಲ್ಲರೂ ಸನ್ನೆ ಕಲಿಯಬೇಕು. ಅಮ್ಮನೊಬ್ಬಳೇ ಕಲಿತರೆ ಮಗುವಿಗೆ ಮನೆಯಲ್ಲಿ ಒಬ್ಬಳೇ ಜೊತೆ.